ಡ್ರೈವರ್ ಸಮೇತ ಬಂದ ವಿಮಾನ

"ದೊಡ್ಡಪ್ಪ, ನಿಮ್ಮನ್ನ ಕೆಲಸಕ್ಕೆ ತಗಂಡೋರು ಯಾರು?"

ಚೈತ್ರಾ ಇದನ್ನು ಕೇಳಿದ್ದು ಪಾಂಡವಪುರದ ಹತ್ತಿರ ನನ್ನ ತಮ್ಮ ನಂಜೇಗೌಡನ ಆಲೆಮನೆಯ ಅಂಗಳದಲ್ಲಿ, ಕಬ್ಬಿನ ಸಿಪ್ಪೆ ಒಣಹಾಕಿದ ಜಾಗದ ಪಕ್ಕ ಕೂತು. ಅವಳು ನಾಗಮಂಗಲ ತಾಲ್ಲೂಕಿನ ಹೊಣಕೆರೆಯವಳು. ಅಪ್ಪ ಪುಟ್ಟಸ್ವಾಮಿ ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಾನೆ. ನಂಜನಿಗೆ ಹೈಸ್ಕೂಲಿನ ಗೆಳೆಯ. ಮಗಳಿಗೆ ವಿಮಾನ ಹಾರಿಸುವ ಲೈಸೆನ್ಸ್ ಇತ್ತು, ಹಾರಿಸಲು ವಿಮಾನ ಇರಲಿಲ್ಲ.

ನಾನು ಪೈಲಟ್ ಆಗಿದ್ದವನು. ಅರವತ್ತೈದು ತುಂಬಿದ ಮೇಲೆ ನಮ್ಮ ಕೈಗೆ ಪ್ರಯಾಣಿಕರನ್ನು ಒಪ್ಪಿಸುವುದಿಲ್ಲ. ಈಗ ಶ್ರೀರಂಗಪಟ್ಟಣದಲ್ಲಿ ಮನೆ. ಮಹಡಿ ಹತ್ತಿದರೆ ಕರಿಘಟ್ಟ ಕಾಣುತ್ತದೆ. ವಾರಕ್ಕೊಮ್ಮೆ ತಮ್ಮನ ಆಲೆಮನೆಗೆ ಹೋಗಿ ಬಿಸಿಬೆಲ್ಲ ತಿಂದು ಬೈಸಿಕೊಂಡು ಬರುತ್ತೇನೆ. ಈ ಕೆಲಸಕ್ಕೆ ಸೇರಲು ಹೊರಟ ಮಕ್ಕಳು ಆಗಾಗ ಬರುತ್ತಾರೆ, ಏನಾದರೂ ಬರೆದಿಡಿ ಎನ್ನುತ್ತಾರೆ. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ನನಗೆ ನನ್ನ ಮೇಲೆ ಅನುಮಾನ ಬರುತ್ತದೆ. ಅದಕ್ಕೇ ಚೈತ್ರಾಳ ಪ್ರಶ್ನೆಯಿಂದ ಶುರು ಮಾಡಿದ್ದೇನೆ. ಅದನ್ನು ಅವಳು ಕೇಳಿದ್ದಂತೂ ಖಂಡಿತ.

ನನ್ನನ್ನು ತೆಗೆದುಕೊಂಡವರು ಕಂಪನಿಯ ಮುಖ್ಯ ಕ್ಯಾಪ್ಟನ್. ನನ್ನ ನೆನಪಿನಲ್ಲಿ ಅವರಿಗೆ ಬಿಳಿ ಮೀಸೆ, ಮುಂದೆ ಒಂದು ಉದ್ದ ಮೇಜು. "ನಿಮ್ಮಪ್ಪ ಏನು ಮಾಡ್ತಾರೆ?" ಎಂದರು. ಆಲೆಮನೆ ಇದೆ ಎಂದೆ. "ಅಲ್ಲಿ ಭಯದ ಕೆಲಸ ಯಾವುದು?" ಕುದಿಯುವ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸುವುದು ಎಂದೆ. ಹೇಗೆ ಇಳಿಸುತ್ತೀರಿ ಎಂದರು. ಹೇಳಿದೆ.

ಅದನ್ನು ಇಲ್ಲೂ ಹೇಳಿಬಿಡಬೇಕು. ಕಬ್ಬಿನ ಹಾಲು ಕುದ್ದು ಪಾಕಕ್ಕೆ ಬಂದಾಗ ಕೊಪ್ಪರಿಗೆಯನ್ನು ಆ ಕಡೆ ಈ ಕಡೆ ಜನ ಹಿಡಿದು ಎತ್ತಿ ತೊಟ್ಟಿಗೆ ಬಗ್ಗಿಸಬೇಕು. ಮಧ್ಯೆ ಒಬ್ಬನ ಕೈ ಸೋತರೆ ಇನ್ನೊಬ್ಬ ಹಿಡಿಯಬೇಕು. ನಮ್ಮಪ್ಪನ ಆಲೆಮನೆಯಲ್ಲಿ ಆಗ ಮೂರು ಮಾತು ಆಗಲೇಬೇಕಿತ್ತು. ಕೊಡುವವನು "ಇಡ್ಕಂಡ್ಯಾ?" ಅನ್ನಬೇಕು. ತೆಗೆದುಕೊಳ್ಳುವವನು "ಇಡ್ಕಂಡೆ, ಬುಡು" ಅನ್ನಬೇಕು. ಆಮೇಲೆ ಕೊಡುವವನು "ಬುಟ್ಟೆ" ಎಂದು ಹೇಳಿ ಕೈ ತೆಗೆಯಬೇಕು. ಮೂರನೆಯ ಮಾತು ಬರುವವರೆಗೂ ಇಬ್ಬರದ್ದೂ ಭಾರ. "ಬಾಯಲ್ಲಿ ಯೋಳ್ದೆ ಕೈ ಬುಟ್ರೆ ಕಾಲು ಓಯ್ತದೆ ಕಣ್ಲಾ" ಎನ್ನುತ್ತಿದ್ದ ಅಪ್ಪ. ಅವನ ಎಡಗಾಲಿನ ಮೇಲೆ ಅದಕ್ಕೆ ಸಾಕ್ಷಿಯಾಗಿ ಒಂದು ಸುಟ್ಟ ಕಲೆ ಇತ್ತು.

ಕ್ಯಾಪ್ಟನ್ ಮೀಸೆಯಲ್ಲೇ ನಕ್ಕು ಸೋಮವಾರ ಬಾ ಎಂದರು. ವಿಮಾನದಲ್ಲೂ ಇದೇ. ಇಬ್ಬರು ಪೈಲಟ್‌ಗಳು, ಇಬ್ಬರ ಮುಂದೆಯೂ ವಿಮಾನ ತಿರುಗಿಸುವ ಹಿಡಿ. ಯಾವ ಕ್ಷಣದಲ್ಲೂ ಹಾರಿಸುವವನು ಒಬ್ಬನೇ. ಕೊಡುವಾಗ ಹೇಳಿ ಕೊಡಬೇಕು, ತೆಗೆದುಕೊಳ್ಳುವಾಗ ಹೇಳಿ ತೆಗೆದುಕೊಳ್ಳಬೇಕು.

ಇದು ನಾನು ನಲವತ್ತು ವರ್ಷ ಹೇಳಿಕೊಂಡು ಬಂದ ಕತೆ. ಆದರೆ ಅವತ್ತು ಹೊರಗೆ ಬೆಂಚಿನ ಮೇಲೆ ತನ್ನ ಸರದಿಗೆ ಕಾದಿದ್ದ ಗೆಳೆಯನೊಬ್ಬ ಈಚೆಗೆ ಸಿಕ್ಕಿ, ಆ ಕ್ಯಾಪ್ಟನ್‌ಗೆ ಮೀಸೆಯೇ ಇರಲಿಲ್ಲ ಎಂದ. ಒಳಗಿಂದ ಬಂದ ನಾನು ಹೆದರಿ ಬೆವರಿದ್ದೆನಂತೆ. ಕೊಪ್ಪರಿಗೆಯ ಮಾತು ನಾನು ಆಡಿದ್ದು ಎಷ್ಟೋ ದಿನದ ಮೇಲೆ, ಕ್ಯಾಂಟೀನಿನಲ್ಲಂತೆ.

ಚೈತ್ರಾಳಿಗೆ ಎರಡನ್ನೂ ಹೇಳಿದೆ.

"ಅಂಗಾರೆ ಮೀಸೆ ಇತ್ತೋ ಇಲ್ವೋ?"

"ಇತ್ತು ಅಂತ ಇಟ್ಕೋ."

"ಇಲ್ದಿದ್ರೂ ಪರ್ವಾಗಿಲ್ಲ ಬುಡಿ. ಮುಖ ಅಂತ ಒಂದಿತ್ತಲ್ಲ. ನನ್ನನ್ನ ತಗಳ್ಳೋರಿಗೆ ಮುಖನೇ ಇಲ್ಲ ದೊಡ್ಡಪ್ಪ, ಒಂದು ವೆಬ್‌ಸೈಟ್ ಐತೆ ಅಷ್ಟೆ."

ಅವಳ ಸಂಕಟ ಇದು. ವಿಮಾನ ಕಂಪನಿಗಳು ಈಗ ಪೈಲಟ್‌ಗಳನ್ನು ಆರಿಸುವ ಕೆಲಸವನ್ನೇ ಹೊರಗಿನ ಏಜೆನ್ಸಿಗಳಿಗೆ ಗುತ್ತಿಗೆ ಕೊಟ್ಟುಬಿಡುವುದುಂಟು. ಏಜೆನ್ಸಿ ಪರೀಕ್ಷೆ ಮಾಡುತ್ತದೆ, ಪಾಸಾದವರನ್ನು ಒಂದು ಗುಂಪಿನಲ್ಲಿಟ್ಟುಕೊಂಡಿರುತ್ತದೆ, ಯಾವ ಕಂಪನಿಗೆ ಯಾವಾಗ ಬೇಕೋ ಆಗ ಕಳಿಸುತ್ತದೆ. ಚೈತ್ರಾಳಿಗೆ ಎಷ್ಟೋ ದಿನ ಕಾದಮೇಲೆ ಕರೆ ಬಂದಿತ್ತು. ದೂರದ ಊರಿನಲ್ಲಿ ಸಿಮ್ಯುಲೇಟರ್ ಪರೀಕ್ಷೆ. ನೆಲದ ಮೇಲೇ ನಿಂತು ಹಾರುವ ನಕಲಿ ಕಾಕ್‌ಪಿಟ್ ಅದು. ಒಂದೇ ಅವಕಾಶ. ಬಹಳ ದಿನ ಹಾರಿಸದೆ ಕೂತ ಪೈಲಟ್‌ನ ಅರ್ಹತೆಗಳು ಒಂದೊಂದಾಗಿ ತೀರಿಹೋಗುತ್ತವೆ. ಅವಳವೂ ತೀರುವುದರಲ್ಲಿದ್ದವು. ಇದು ತಪ್ಪಿದರೆ ನಾಗಮಂಗಲದ ಟ್ಯೂಷನ್ ಕೇಂದ್ರದಲ್ಲಿ ಭೌತಶಾಸ್ತ್ರ ಹೇಳಿಕೊಡುವುದು ಎಂದು ಅವಳೇ ತೀರ್ಮಾನಿಸಿದ್ದಳು. ಅದನ್ನು ಹೇಳುವಾಗ ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ.

ಅಭ್ಯಾಸ ಆಲೆಮನೆಯ ಅಂಗಳದಲ್ಲೇ. ಎರಡು ಪ್ಲಾಸ್ಟಿಕ್ ಕುರ್ಚಿ ಅಕ್ಕಪಕ್ಕ, ಕೈಗೆ ಒಂದೊಂದು ಕಬ್ಬಿನ ಜಲ್ಲೆ. ನಾನು ಕ್ಯಾಪ್ಟನ್. ಎಡಗಡೆ ಎಂಜಿನ್‌ಗೆ ಬೆಂಕಿ ಬಿತ್ತು ಎನ್ನುತ್ತಿದ್ದೆ, ಗಾಲಿ ಇಳಿಯುತ್ತಿಲ್ಲ ಎನ್ನುತ್ತಿದ್ದೆ. ಹಿಡಿ ಕೊಡುವುದು ತೆಗೆದುಕೊಳ್ಳುವುದನ್ನು ಇಂಗ್ಲಿಷಿನಲ್ಲಿ ಹೇಳಿಸುತ್ತಿದ್ದೆ. ಒಲೆಗೆ ಸಿಪ್ಪೆ ಹಾಕುತ್ತಲೇ ನಂಜ ಕಾಮೆಂಟರಿ ಕೊಡುತ್ತಿದ್ದ.

"ಅಣ್ಣಯ್ಯ, ಬೆಂಕಿ ಬಿದ್ದಿರೋದು ಇಲ್ಲಿ ಕಣಪ್ಪ. ನಿಮ್ಮ ಏರೋಪ್ಲೇನ್ ವಸಿ ಈ ಕಡಿಕೆ ಸರ್ಸು, ಹೊಗೆ ಬತ್ತದೆ."

ಪುಟ್ಟಸ್ವಾಮಿ ಮಗಳನ್ನು ಬೈಕಿನಲ್ಲಿ ಕರೆತಂದು ಪ್ರಯಾಣಿಕನಂತೆ ಹಿಂದೆ ಕೂರುತ್ತಿದ್ದ. ಅವನ ಚಿಂತೆ ಬೇರೆ.

"ಅಣ್ಣ, ಒಂದ್ ಮಾತು. ನಿಮ್ ಮಗಳು ಯಾವ್ ಕಂಪ್ನಿ ಅಂತ ಊರಲ್ಲಿ ಕೇಳ್ತಾರೆ. ಏನ್ ಯೋಳ್ಲಿ?"

"ಏಜೆನ್ಸಿ ಅಂತ ಹೇಳು."

"ಏಜೆನ್ಸಿ ಅಂದ್ರೆ ಗ್ಯಾಸ್ ಸಿಲಿಂಡರ್‌ದಾ ಅಂತಾರೆ."

ನಮ್ಮ ಕಾಲದಲ್ಲಿ ಕಂಪನಿ ಎಂದರೆ ಮದುವೆಯಾದ ಮನೆ. ವರ್ಷಗಟ್ಟಲೆ ಅದೇ ಕ್ಯಾಪ್ಟನ್‌ಗಳ ಪಕ್ಕ ಕೂತು ಕಲಿಯುತ್ತಿದ್ದೆವು. ಯಾರು ಇಳಿಸುವಾಗ ಉಸಿರು ಬಿಗಿ ಹಿಡಿಯುತ್ತಾರೆ, ಯಾರು ಕಾಫಿ ಕುಡಿಯದಿದ್ದರೆ ಸಿಡುಕುತ್ತಾರೆ, ಎಲ್ಲ ಗೊತ್ತಿರುತ್ತಿತ್ತು. ಹೀಗೆ ಬರೆದರೆ ಅದು ಸುವರ್ಣಯುಗದಂತೆ ಕಾಣುತ್ತದೆ. ಅಲ್ಲ. ನನ್ನನ್ನು ನಗುತ್ತಾ ತೆಗೆದುಕೊಂಡ ಅದೇ ಕ್ಯಾಪ್ಟನ್, ಮೀಸೆ ಇದ್ದರೂ ಇಲ್ಲದಿದ್ದರೂ, ನನಗಿಂತ ಚೆನ್ನಾಗಿ ಹಾರಿಸುತ್ತಿದ್ದ ಹುಡುಗಿಯೊಬ್ಬಳನ್ನು "ನಾಳೆ ಮದುವೆ ಆಗಿ ಹೋಗ್ತೀಯಲ್ಲಮ್ಮ" ಎಂದು ವಾಪಸ್ ಕಳಿಸಿದ್ದರು. ಆ ಮಾತನ್ನು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದುದನ್ನು ಕೇಳಿದ್ದೇನೆ. ಚೈತ್ರಾಳ ವೆಬ್‌ಸೈಟು ಅವಳ ಮದುವೆಯ ಬಗ್ಗೆ ಕೇಳಲಿಲ್ಲ. ಯಾರ ಮಗಳು, ಯಾವ ಊರು ಎಂದೂ ಕೇಳಲಿಲ್ಲ. ಮುಖವಿಲ್ಲದ್ದಕ್ಕೆ ಅಷ್ಟರಮಟ್ಟಿಗೆ ಒಂದು ಗುಣವಿದೆ.

ಬಾಡಿಗೆ ವಿಮಾನ ಮೊದಲ ಸಲ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಎಂದರೆ, ಆ ದಿನದ ಕೋಪ ನೆನಪಿದೆ. ನಮ್ಮ ಕಂಪನಿಗೆ ಮಾರ್ಗಗಳು ಹೆಚ್ಚಾಗಿ ವಿಮಾನ ಸಾಲದೆ ಬಂತು. ಆಗ ಬೇರೆ ದೇಶದ ಕಂಪನಿಯೊಂದರಿಂದ ವಿಮಾನ ತಂದರು. ಬರೀ ವಿಮಾನವಲ್ಲ, ಅದರ ಜೊತೆ ಅದರ ಪೈಲಟ್‌ಗಳು, ರಿಪೇರಿಯವರು, ಎಲ್ಲರೂ. ಬಾಲಕ್ಕೆ ನಮ್ಮ ಬಣ್ಣ ಬಳಿದರು, ಒಳಗೆ ನಮ್ಮ ಪ್ರಯಾಣಿಕರನ್ನು ಕೂರಿಸಿದರು, ಮುಂದೆ ಅವರು ಕೂತರು. ಊರಿಗೆ ಬಂದಾಗ ನಂಜನಿಗೆ ಇದನ್ನು ವಿವರಿಸಲು ಒದ್ದಾಡುತ್ತಿದ್ದೆ.

"ಇಷ್ಟೇನಾ? ಟ್ರಾಕ್ಟ್ರು ಡ್ರೈವರ್ ಸಮೇತ ಬಾಡಿಗೆಗೆ ತಂದಂಗೆ" ಎಂದ ನಂಜ.

"ಹೂಂ."

"ಅಂಗಾರೆ ಮನೇಲಿರೋ ಡ್ರೈವರ್ ಏನ್ ಮಾಡ್ತಾನೆ?"

ಮನೆಯಲ್ಲಿದ್ದ ಡ್ರೈವರ್ ಜಯರಾಮ. ನಮ್ಮಲ್ಲಿ ಆಯ್ಕೆಯಾಗಿ ತರಬೇತಿ ಮುಗಿಸಿ, ನಾಳೆಯೋ ನಾಡಿದ್ದೋ ನನ್ನ ಬಲಗಡೆ ಸೀಟಿನಲ್ಲಿ ಕೂರಬೇಕಿದ್ದ ಹುಡುಗ. ವಿಮಾನ ಪೈಲಟ್‌ಗಳ ಸಮೇತ ಬಂದಮೇಲೆ ಅವನ ಬ್ಯಾಚಿಗೆ 'ಸ್ವಲ್ಪ ಕಾಯಿರಿ' ಎಂದರು. ಮುಂದಿನ ಬ್ಯಾಚನ್ನು ಕರೆಯಲೇ ಇಲ್ಲ. ಜಯರಾಮ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಕ್ಯಾಂಟೀನಿನಲ್ಲಿ ಕೂರುತ್ತಿದ್ದ. ಯಾರೂ ಬರಹೇಳಿರಲಿಲ್ಲ. "ಕಣ್ಣಿಗೆ ಬೀಳ್ತಾ ಇದ್ರೆ ಮರೆಯೋದಿಲ್ಲ ಅಂತ, ಸರ್" ಎನ್ನುತ್ತಿದ್ದ. ಅಂಗಿಯ ಭುಜದ ಮೇಲೆ ಪಟ್ಟಿ ಹಾಕಲು ಬಿಟ್ಟ ಜಾಗ ಖಾಲಿ. ಕೊನೆಗೆ ಒಂದು ದಿನ ಬರಲಿಲ್ಲ. ಕೆ.ಆರ್. ಪೇಟೆಯಲ್ಲಿ ಮಾವನ ಹಾರ್ಡ್‌ವೇರ್ ಅಂಗಡಿ ನೋಡಿಕೊಂಡ. ಈಗ ಅಂಗಡಿ ಅವನದೇ, ಚೆನ್ನಾಗಿದ್ದಾನೆ. ಹೋದಾಗ ಟೀ ತರಿಸುತ್ತಾನೆ. ಮೇಲೆ ವಿಮಾನದ ಸದ್ದಾದರೆ ಮಾತು ನಿಲ್ಲಿಸುವುದಿಲ್ಲ, ನಾನು ನಿಲ್ಲಿಸುತ್ತೇನೆ.

ಬಾಡಿಗೆಯವರ ಮೇಲಿನ ಕೋಪಕ್ಕೆ ನನಗೆ ಒಬ್ಬ ಗುರಿ ಸಿಕ್ಕಿದ್ದ. ಹಿಮ ಬೀಳುವ ದೇಶದ ದಪ್ಪನೆಯ ಕ್ಯಾಪ್ಟನ್. ಹೆಸರು ಉಚ್ಚರಿಸಲು ಬಾರದೆ ನಾವು ಅವನನ್ನು ಬೋರಣ್ಣ ಎನ್ನುತ್ತಿದ್ದೆವು. ಯಾರೂ ಅವನ ಮೇಜಿಗೆ ಹೋಗುತ್ತಿರಲಿಲ್ಲ. ಒಂದು ದಿನ ಬೇರೆಲ್ಲೂ ಜಾಗವಿಲ್ಲದೆ ಅವನೆದುರು ಕೂತೆ. ಅವನು ಸಕ್ಕರೆಯಿಲ್ಲದ ಕಪ್ಪು ಕಾಫಿಯನ್ನು ಕಷಾಯದಂತೆ ಕುಡಿಯುತ್ತಿದ್ದ. ನನ್ನ ಚೀಲದಲ್ಲಿ ಅಪ್ಪ ಕಟ್ಟಿಕೊಟ್ಟ ಅಚ್ಚುಬೆಲ್ಲ ಇತ್ತು. ಮುರಿದು ಒಂದು ಚೂರು ಕೊಟ್ಟೆ. ಕಾಫಿಗೆ ಹಾಕಿಕೊಳ್ಳುತ್ತಾನೆ ಅಂದುಕೊಂಡರೆ ಬಾಯಿಗೆ ಹಾಕಿ ಕಣ್ಣು ಮುಚ್ಚಿದ. ಆಮೇಲೆ ಮಾತು ಬಂತು. ಅವನ ಸ್ವಂತ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಏಜೆನ್ಸಿ ಹೇಳಿದ ದೇಶಕ್ಕೆ ಹೋಗುವುದು, ಅಲ್ಲಿನವರು ಬೇಡ ಎನ್ನುವವರೆಗೆ ಇರುವುದು. "ಎಲ್ಲ ದೇಶದ ಕ್ಯಾಂಟೀನಿನಲ್ಲೂ ನನಗೆ ಒಂದು ಇಡೀ ಮೇಜು ಸಿಗುತ್ತದೆ" ಎಂದು ನಕ್ಕ.

ಇದನ್ನು ಅವನು ಅದೇ ದಿನ ಹೇಳಿದನೋ, ಎಷ್ಟೋ ಬೆಲ್ಲದ ನಂತರ ಹೇಳಿದನೋ ಗೊತ್ತಿಲ್ಲ. ನೆನಪು ಒಂದೇ ಅಚ್ಚಿಗೆ ಎಲ್ಲವನ್ನೂ ಸುರಿಯುತ್ತದೆ.

ಆಮೇಲಿನ ವರ್ಷಗಳಲ್ಲಿ ಒಂದೊಂದೇ ಕೆಲಸ ಹೊರಗೆ ಹೋಯಿತು. ತರಬೇತಿ ಹೋಯಿತು, ಆಯ್ಕೆ ಹೋಯಿತು, ಯಾರು ಯಾವ ವಿಮಾನಕ್ಕೆ ಎಂದು ಹಂಚುವ ಕೆಲಸವೂ ಯಾವುದೋ ಊರಿನ ಗುತ್ತಿಗೆಯವರಿಗೆ ಹೋಯಿತು. ಒಮ್ಮೆ ಅವರು ಒಂದೇ ವಿಮಾನಕ್ಕೆ ಕ್ಯಾಪ್ಟನ್ ಆಗಿಯೂ ಕೋ-ಪೈಲಟ್ ಆಗಿಯೂ ನನ್ನನ್ನೇ ಹಾಕಿಬಿಟ್ಟರು. ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ವಿನಯದಿಂದ, "ಸರ್, ಇಬ್ಬರಲ್ಲಿ ಯಾರು ಮಾತಾಡ್ತಿರೋದು?" ಎಂದಳು. ಬಲಗಡೆಯವನು, ಎಡಗಡೆಯವನಿಗೆ ಇವತ್ತು ಮೈ ಹುಷಾರಿಲ್ಲ ಎಂದೆ.

ಇದು ನನಗೇ ಆದದ್ದು ಎಂದು ಆಣೆ ಮಾಡಲಾರೆ. ಬೇರೆ ಕ್ಯಾಪ್ಟನ್ ಒಬ್ಬರೂ ಇದನ್ನು ತಮ್ಮದೆಂದೇ ಹೇಳುತ್ತಾರೆ. ಚೈತ್ರಾ ಬಿದ್ದು ಬಿದ್ದು ನಕ್ಕಳು, ಹಾಗಾಗಿ ಸದ್ಯಕ್ಕೆ ನನ್ನದು.

ಕೊನೆಗೆ ಕಂಪನಿ ಸೊರಗಿ, ನಮ್ಮಂಥ ಹಿರಿಯರನ್ನು ಮನೆಗೆ ಕಳಿಸಿತು. ಇನ್ನೂ ಹಾರುವ ವಯಸ್ಸಿತ್ತು. ನಾನು ಏನು ಮಾಡಿದೆ? ಏಜೆನ್ಸಿಗೆ ಹೆಸರು ಕೊಟ್ಟೆ. ವಿಮಾನದ ಸಮೇತ ಬಾಡಿಗೆಗೆ ಹೋದೆ. ಸಮುದ್ರದ ನಡುವಿನ ಪುಟ್ಟ ದೇಶ. ಮೊದಲ ದಿನವೇ ಕ್ಯಾಂಟೀನಿನಲ್ಲಿ ನನಗೆ ಒಂದು ಇಡೀ ಮೇಜು ಸಿಕ್ಕಿತು. ಗೋಡೆಯ ಹತ್ತಿರ ಬಿಳಿ ಅಂಗಿಯ ಹುಡುಗನೊಬ್ಬ ಕೂತಿದ್ದ. ಜಯರಾಮ ಎಂದುಕೊಂಡೆ. ಅವನ ಹೆಸರು ತಾರೀಕ್. ಈ ಸಲ ವಿಮಾನದ ಜೊತೆ ಹೊರಗಿಂದ ಬಂದವರು ಕ್ಯಾಪ್ಟನ್‌ಗಳು ಮಾತ್ರ. ನಾವು ಬರದಿದ್ದರೆ ಆ ವರ್ಷ ಕ್ಯಾಪ್ಟನ್ ಆಗಬೇಕಿದ್ದವನು, ನನ್ನ ಕೋ-ಪೈಲಟ್ ಆದ.

ಅವನಿಗೆ ನನ್ನ ಮೇಲೆ ಸಿಟ್ಟಿದ್ದಿರಬೇಕು. ತೋರಿಸಲಿಲ್ಲ, ಅತಿ ಮೆತ್ತಗೆ ಮಾತಾಡುತ್ತಿದ್ದ. ಒಮ್ಮೆ ಮಳೆಗಾಳಿಯಲ್ಲಿ ಇಳಿಯಲು ಹೊರಟಾಗ ನಾನು ಅವನಿಗೆ ಹಿಡಿ ಕೊಟ್ಟೆ, ಅಥವಾ ಕೊಡುತ್ತೇನೆ ಎಂದೆ. ಅವನು ಏನೋ ಅಂದ. ನಾನು ಕೈ ತೆಗೆದೆ. ಅವನು ಕಲಿತ ಕಡೆ ತೆಗೆದುಕೊಳ್ಳುವವನು ಹೇಳಿದ ಮೇಲೂ ಕೊಡುವವನು ತಲೆಯಾಡಿಸುವವರೆಗೆ ಕಾಯುವ ರೂಢಿ. ನಾನು ಕಲಿತ ಕಡೆ ಆ ತಲೆಯಾಡಿಸುವಿಕೆ ಇಲ್ಲ. ಎರಡು ಕಂಪನಿ, ಎರಡು ಪದ್ಧತಿ. ಒಂದೆರಡು ಉಸಿರು ಆ ವಿಮಾನವನ್ನು ಯಾರೂ ಹಾರಿಸುತ್ತಿರಲಿಲ್ಲ. ಬಲರೆಕ್ಕೆ ಮೆಲ್ಲಗೆ ವಾಲಿತು. ಇಬ್ಬರೂ ಒಟ್ಟಿಗೆ ಹಿಡಿಗೆ ಕೈ ಹಾಕಿ ಒಟ್ಟಿಗೆ ಕೂಗಿದೆವು.

ಇಳಿದ ಮೇಲೆ ಅವನು ತನ್ನ ಮನೆಗೆ ಕರೆದುಕೊಂಡು ಹೋದ. ತಾಯಿ ಮೀನು ಬಡಿಸಿದರು. ಅವತ್ತು ಅವರಿಗೆ ಕೊಪ್ಪರಿಗೆಯ ಕತೆ ಹೇಳಿದೆ, ಅಪ್ಪನ ಎಡಗಾಲಿನ ಸಮೇತ. ಮೂರನೆಯ ಮಾತು ತಾರೀಕ್‌ಗೆ ಹಿಡಿಸಿತು. ಅಲ್ಲಿಂದಾಚೆ ನಾವಿಬ್ಬರೇ ಹಾರುವಾಗ ಇಂಗ್ಲಿಷಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ, ಕೊನೆಗೆ ಅವನು ಗಂಭೀರವಾಗಿ "ಬುಟ್ಟೆ" ಎನ್ನುತ್ತಿದ್ದ. ಅವತ್ತು ಮೊದಲು ಕೈ ಬಿಟ್ಟವರು ಯಾರು ಎಂಬ ಬಗ್ಗೆ ನಾವು ಈಗಲೂ ಫೋನಿನಲ್ಲಿ ಜಗಳವಾಡುತ್ತೇವೆ. ಅವನು ಈಗ ಕ್ಯಾಪ್ಟನ್, ಹಾಗಾಗಿ ಅವನ ದನಿ ಜೋರು.

ಈ ಕತೆ ಕೇಳಿದ ದಿನ ಚೈತ್ರಾ ನಗಲಿಲ್ಲ. "ಅಂಗಂದ್ರೆ ನಾನು ಹೋದ್ರೂ ಯಾರ್ದೋ ಸೀಟಲ್ಲಿ ಕೂರಬೇಕಾಗ್ಬೋದು" ಎಂದಳು.

"ಆಗ್ಬೋದು."

"ಹೋಗ್ದಿದ್ರೆ?"

"ಇನ್ನೊಬ್ಬರು ಕೂರ್ತಾರೆ. ಆ ಸೀಟು ಖಾಲಿ ಅಂತೂ ಇರಲ್ಲ."

ಇದು ಸಮಾಧಾನದ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಳಗೆ ಪಾಕ ಇಳಿಸುವ ಹೊತ್ತಾಗಿತ್ತು. ನಂಜನ ಆಲೆಮನೆಯಲ್ಲೂ ಈಗ ಊರವರಿಲ್ಲ. ಕೊಪ್ಪರಿಗೆ ಎತ್ತುವುದು ಉತ್ತರದಿಂದ ಗುತ್ತಿಗೆಯಲ್ಲಿ ಬಂದ ತಂಡ. ಈ ಕಡೆಯಿಂದ "ಪಕ್ಡಾ?" ಎಂಬ ಕೂಗು ಬಂತು, ಆ ಕಡೆಯಿಂದ "ಇಡ್ಕಂಡೆ, ಬುಡು", ಮತ್ತೆ ಈ ಕಡೆಯಿಂದ "ಬುಟ್ಟೆ". ನಂಜ ಅಪ್ಪನ ಮೂರು ಮಾತನ್ನು ಬಿಟ್ಟಿರಲಿಲ್ಲ. ಮೊದಲನೆಯದನ್ನು ಅವರ ಹಿಂದಿಗೆ ಬಿಟ್ಟುಕೊಟ್ಟಿದ್ದ ಅಷ್ಟೆ. ಚೈತ್ರಾ ಎದ್ದು ಹೋಗಿ ಬಾಗಿಲಲ್ಲಿ ನಿಂತು ನೋಡಿದಳು. ವಾಪಸ್ ಬಂದು ಕುರ್ಚಿಯಲ್ಲಿ ಕೂತು ಜಲ್ಲೆ ಹಿಡಿದು, "ಇನ್ನೊಂದ್ ಸಲ ಬೆಂಕಿ ಹಾಕಿ ದೊಡ್ಡಪ್ಪ" ಎಂದಳು.

ಪರೀಕ್ಷೆಯ ದಿನ ನಾನು ಅಲ್ಲಿರಲಿಲ್ಲ. ಅವಳು ಹೇಳಿದ್ದನ್ನು ಅವಳು ಹೇಳಿದಂತೆ ಬರೆಯುತ್ತೇನೆ. ಜೊತೆಗೆ ಕೂರಿಸಿದ್ದು ಗುರುತಿಲ್ಲದ ಇನ್ನೊಬ್ಬ ಅಭ್ಯರ್ಥಿಯನ್ನು, ಪಂಜಾಬಿನ ಎತ್ತರದ ಹುಡುಗ. ಅವನಿಗೂ ಅದೊಂದೇ ಅವಕಾಶವಂತೆ. ಹಿಂದೆ ಕೂತ ಪರೀಕ್ಷಕ ಒಂದು ಎಂಜಿನ್ ಕೆಡಿಸಿದ. ಹುಡುಗ ಹಾರಿಸುತ್ತಿದ್ದವನು, ಅವಳಿಗೆ ಹಿಡಿ ಕೊಡುತ್ತೇನೆ ಎಂದ. ಅವಳು ತೆಗೆದುಕೊಂಡೆ ಎಂದಳು. ಆದರೆ ಹಿಡಿ ಅವಳ ಮಾತು ಕೇಳುತ್ತಿಲ್ಲ. ಬಲಕ್ಕೆ ತಿರುಗಿಸಿದರೆ ಎಡಕ್ಕೆ ಎಳೆಯುತ್ತದೆ.

"ನೋಡ್ತೀನಿ, ಅವನು ಕೈ ತಗ್ದೇ ಇಲ್ಲ ದೊಡ್ಡಪ್ಪ! ಬಾಯಲ್ಲಿ ಕೊಟ್ಬುಟ್ಟವ್ನೆ, ಕೈಯಲ್ಲಿ ಇಡ್ಕಂಡೇ ಅವ್ನೆ. ಇಂಗ್ಲಿಷಲ್ಲಿ ಇನ್ನೊಂದ್ ಸಲ ಹೇಳ್ದೆ. ಕೇಳಿಸ್ತೇ ಇಲ್ಲ ಅವನಿಗೆ."

"ಆಮೇಲೆ?"

"ಆಮೇಲೆ..." ಅವಳು ಮುಖ ಮುಚ್ಚಿಕೊಂಡಳು. "'ಇಡ್ಕಂಡೆ ಬುಡೋ!' ಅಂತ ಕಿರುಚ್ಬುಟ್ಟೆ."

ನಂಜ ಒಲೆ ಬಿಟ್ಟು ಎದ್ದು ಬಂದ. "ಬುಟ್ನಾ?"

"ಬುಟ್ಟ. ಬೆಂಕಿ ಮುಟ್ದೋನಂಗೆ ಬುಟ್ಟ."

"ಅಂಗಾರೆ ಕನ್ನಡ ಕಲ್ತ ಬುಡು!" ಎಂದು ನಂಜ ತೊಡೆ ತಟ್ಟಿಕೊಂಡ.

ಅವಳು ವಿಮಾನವನ್ನು ಸರಿಯಾಗಿ ಇಳಿಸಿದಳಂತೆ. ಆದರೆ ಕಾಕ್‌ಪಿಟ್‌ನಲ್ಲಿ ಗೊತ್ತುಮಾಡಿದ ಮಾತು ಬಿಟ್ಟು ಬೇರೆ ಮಾತಾಡುವುದು ತಪ್ಪು, ಬೇರೆ ಭಾಷೆ ಆಡುವುದು ಇನ್ನೂ ದೊಡ್ಡ ತಪ್ಪು. ಪರೀಕ್ಷಕ ಅದೇನು ಭಾಷೆ ಎಂದು ಕೇಳಿದ. ಕನ್ನಡ ಸರ್ ಎಂದಳು. ಅದನ್ನು ಬರೆದುಕೊಂಡು ಕಳಿಸಿದ.

ಉತ್ತರ ಬರುವವರೆಗೆ ಅವಳು ಆಲೆಮನೆಗೆ ಬರಲಿಲ್ಲ. ಪುಟ್ಟಸ್ವಾಮಿ ಒಬ್ಬನೇ ಬರುತ್ತಿದ್ದ, ಖಾಲಿ ಕುರ್ಚಿಯ ಹಿಂದೆ ಅದೇ ಜಾಗದಲ್ಲಿ ಕೂರುತ್ತಿದ್ದ. ಟ್ಯೂಷನ್ ಕೇಂದ್ರದವರಿಗೆ ಬರುತ್ತೇನೆ ಎಂದು ಮಗಳು ಹೇಳಿಬಿಟ್ಟಿದ್ದಾಳೆ ಎಂದ. "ನಿಮ್ ಮೂರ್ ಮಾತು ಮನೆ ಹಾಳ್ ಮಾಡ್ತು ಕಣಣ್ಣ" ಎಂದ. ತಮಾಷೆಗೆ ಅಂದನೋ ನಿಜಕ್ಕೂ ಅಂದನೋ, ನಾನು ಕೇಳಲು ಹೋಗಲಿಲ್ಲ. ನಂಜ ಅವನಿಗೆ ಬಿಸಿಬೆಲ್ಲ ಕೊಟ್ಟ. ಅವನು ಕೈಯಲ್ಲಿ ಹಿಡಿದೇ ಕೂತ.

ಆಮೇಲೆ ಒಂದು ಬೆಳಿಗ್ಗೆ ಅವಳೇ ಬೈಕ್ ಓಡಿಸಿಕೊಂಡು, ಅಪ್ಪನನ್ನು ಹಿಂದೆ ಕೂರಿಸಿಕೊಂಡು ಬಂದಳು. ಹೆಲ್ಮೆಟ್ ತೆಗೆಯುವ ಮೊದಲೇ ಗೊತ್ತಾಯಿತು. ಪರೀಕ್ಷಕ ಫೋನಿನಲ್ಲಿ ಅವಳಿಗೆ ಹೇಳಿದ್ದನಂತೆ: ಆ ಮಾತು ನಿಯಮದಲ್ಲಿಲ್ಲ, ಇನ್ನು ಮುಂದೆ ಆಡಬೇಡ, ಆದರೆ ಇಬ್ಬರೂ ಹಿಡಿದುಕೊಂಡಿದ್ದಾರೆ ಎಂದು ಕಂಡುಹಿಡಿದು ಬಿಡಿಸಿದವಳು ನೀನು. ಅವನೂ ಗುತ್ತಿಗೆಯವನೇ, ಯಾವುದೋ ಮುಚ್ಚಿದ ಕಂಪನಿಯ ಹಳೆಯ ಕ್ಯಾಪ್ಟನ್. ಮುಖವಿಲ್ಲ ಎಂದುಕೊಂಡ ಏಜೆನ್ಸಿಗೆ ಹೀಗೆ ಒಂದು ಮುಖ ಬಂತು. ಪಂಜಾಬಿನ ಹುಡುಗನಿಗೆ ಇನ್ನೊಂದು ಅವಕಾಶ ಕೊಟ್ಟಿದ್ದಾರಂತೆ. ಅದನ್ನು ಅವಳು ತನ್ನ ಸುದ್ದಿಗಿಂತ ಮೊದಲು ಹೇಳಿದಳು.

ಕೆಲಸ ಎಲ್ಲಿ ಎಂದರೆ, ಬೇರೊಂದು ದೇಶದಲ್ಲಿ. ವಿಮಾನದ ಸಮೇತ.

"ಡ್ರೈವರ್ ಸಮೇತ ಬಾಡಿಗೆ" ಎಂದ ನಂಜ, ಈ ಸಲ ಮೆತ್ತಗೆ.

ಹೊರಡುವ ದಿನ ನಮಗೆ ಹೇಳಿಹೋಗಲು ಬಂದವಳನ್ನು ಪಾಂಡವಪುರ ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋದೆವು. ಅಲ್ಲಿಂದ ಬೆಂಗಳೂರು, ಅಲ್ಲಿಂದ ಮುಂದೆ. ನಾನು ಅಚ್ಚುಬೆಲ್ಲದ ಒಂದು ಪೊಟ್ಟಣ ಕೊಟ್ಟೆ. "ಮೊದಲ ದಿನ ಕ್ಯಾಂಟೀನಲ್ಲಿ ಗೋಡೆ ಹತ್ರ ಯಾರೋ ಒಬ್ರು ಕೂತಿರ್ತಾರೆ. ಅವರ ಮೇಜಿಗೆ ನೀನೇ ಹೋಗು. ಅವರು ಬರ್ಲಿ ಅಂತ ಕಾಯ್ಬೇಡ." ಸೇರುವ ಎಲ್ಲ ಮಕ್ಕಳಿಗೂ ನನ್ನಲ್ಲಿರುವ ಬುದ್ಧಿಮಾತು ಇದೊಂದೇ. ಉಳಿದದ್ದೆಲ್ಲ ಸಿಮ್ಯುಲೇಟರ್ ಕಲಿಸುತ್ತದೆ.

ರೈಲು ಬಂತು, ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಚೈತ್ರಾ ಹತ್ತಿದಳು. ಪುಟ್ಟಸ್ವಾಮಿ ಕೆಳಗಿನಿಂದ ದೊಡ್ಡ ಸೂಟ್‌ಕೇಸ್ ಎತ್ತಿ ಕೊಟ್ಟ.

"ಇಡ್ಕಂಡ್ಯಾ?"

"ಇಡ್ಕಂಡೆ, ಬುಡಪ್ಪ."

ಮೊದಲ ಸಲ ಬರೆದಾಗ ಇಲ್ಲಿಗೇ ನಿಲ್ಲಿಸಿದ್ದೆ. ಅಪ್ಪ ಕೈ ಬಿಟ್ಟ, ರೈಲು ಹೋಯಿತು. ಚೆನ್ನಾಗಿತ್ತು. ನಂಜನಿಗೆ ಓದಿ ಹೇಳಿದೆ.

"ಸುಳ್ಳು ಯಾಕ್ ಬರೀತೀಯ ಅಣ್ಣಯ್ಯ?" ಎಂದ.

ನಿಜ. ಪುಟ್ಟಸ್ವಾಮಿ ಬಿಡಲಿಲ್ಲ. ಅವಳು ಇಡ್ಕಂಡೆ ಬುಡು ಎಂದು ಮತ್ತೆ ಹೇಳಿದಳು. ರೈಲು ಹೊರಟಿತು. ಅವನು ಸೂಟ್‌ಕೇಸ್ ಹಿಡಿದೇ ಪಕ್ಕದಲ್ಲಿ ನಡೆದ, ಆಮೇಲೆ ಓಡಿದ. ನಂಜ "ಬುಡ್ಲಾ ಲೇ, ಸತ್ತೋಯ್ತೀಯ!" ಎಂದು ಕೂಗಿಕೊಂಡು ಹಿಂದೆ ಓಡಿದ. ಬಾಗಿಲಲ್ಲಿದ್ದ ಯಾರೋ ಒಬ್ಬರು ಮತ್ತು ಚೈತ್ರಾ ಸೇರಿ ಸೂಟ್‌ಕೇಸನ್ನೂ ಅದಕ್ಕೆ ಅಂಟಿಕೊಂಡಿದ್ದ ಅವನನ್ನೂ ಒಳಗೆ ಎಳೆದುಕೊಂಡರು. ಪ್ಲಾಟ್‌ಫಾರಂ ಮೇಲೆ ಅವನ ಒಂದು ಚಪ್ಪಲಿ ಉಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ನಂಜನ ಫೋನಿಗೆ ಪುಟ್ಟಸ್ವಾಮಿಯ ಕರೆ ಬಂತು. "ಮಂಡ್ಯದಲ್ಲಿ ಇಳೀತೀನಿ, ಚಪ್ಲಿ ತಕಂಡ್ ಬನ್ರಲಾ."

ಕಾರಿನಲ್ಲಿ ಹೋದೆವು. ಮಂಡ್ಯ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅವನು ಬರಿಗಾಲನ್ನು ಇನ್ನೊಂದು ಕಾಲಿನ ಮೇಲಿಟ್ಟುಕೊಂಡು ಕೂತಿದ್ದ. ರೈಲು ಆಗಲೇ ಹೋಗಿತ್ತು. ನಂಜ ಚಪ್ಪಲಿಯನ್ನು ಮುಂದೆ ಎಸೆದು ಬಾಯಿತುಂಬ ಬೈದ. ಅವನು ಮೆಟ್ಟಿಕೊಂಡ.

ಅಲ್ಲಿ ಏನಾಯಿತೆಂಬುದಕ್ಕೆ ಎರಡು ಸಾಕ್ಷಿಗಳಿವೆ. ಸುಮ್ಮನೆ ಇಳಿದು ಕೂತೆ, ಇನ್ನೇನೂ ಇಲ್ಲ ಎನ್ನುತ್ತಾನೆ ಪುಟ್ಟಸ್ವಾಮಿ. ಚೈತ್ರಾ ಹೇಳುವುದು ಬೇರೆ. ರೈಲು ಮಂಡ್ಯ ಬಿಡುವಾಗ ಅಪ್ಪ ಒಂಟಿ ಚಪ್ಪಲಿಯಲ್ಲಿ ಬಾಗಿಲ ಕೆಳಗೆ ನಿಂತಿದ್ದನಂತೆ. ಎರಡೂ ಕೈಗಳನ್ನು ಮೇಲೆತ್ತಿ, ಖಾಲಿ ಅಂಗೈ ತೋರಿಸಿ, ಸ್ಟೇಷನ್ನಿನ ಜನರೆಲ್ಲ ತಿರುಗಿ ನೋಡುವಂತೆ ಕೂಗಿದನಂತೆ:

"ಬುಟ್ಟೆ ಕಣವ್ವಾ!"

ನಾನು ಅಲ್ಲಿರಲಿಲ್ಲ. ನೆನಪುಗಳನ್ನು ನಂಬದವನು ಎಂದು ಮೊದಲೇ ಹೇಳಿದ್ದೇನೆ. ಈ ಒಂದನ್ನು ನಂಬುತ್ತೇನೆ.